ಕಾರು ಚಾರ್ಜಿಗೆ ಹಾಕಿದರೆ ಆರ್‌ಸಿಸಿಬಿ ಟ್ರಿಪ್: ಲೀಕೇಜ್ ಹುಡುಕಿದ ಬಗೆ

ಮಳೆ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಕಾರು ಚಾರ್ಜಿಗೆ ಹಾಕಿದರೆ ಸಾಕು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗಿ ಇಡೀ ಮನೆ ಕತ್ತಲಾಗುತ್ತಿತ್ತು. ಬೇಸಿಗೆಯಲ್ಲಿ ಇದೇ 7.4 ಕಿಲೋವ್ಯಾಟ್ ಚಾರ್ಜರ್ ಚೆನ್ನಾಗಿಯೇ ನಡೆದಿತ್ತು. "ಆರ್‌ಸಿಸಿಬಿ ತೆಗೆದು ಬರೀ ಎಂಸಿಬಿ ಇಟ್ಕೊಳ್ಳಿ ಸರ್" ಎಂದವರೇ ಜಾಸ್ತಿ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಎಂಸಿಬಿ ಟ್ರಿಪ್ ಆಗುವುದು ಓವರ್‌ಲೋಡ್ ಇಲ್ಲವೇ ಶಾರ್ಟ್ ಆದಾಗ ಮಾತ್ರ; 40 ಆಂಪಿಯರ್ ಎಂಸಿಬಿಗೆ 30 ಮಿಲಿಆಂಪಿಯರ್ ಸೋರಿದ್ದು ಗೊತ್ತೇ ಆಗುವುದಿಲ್ಲ. ಅಷ್ಟು ಕರೆಂಟ್ ಮೈಯಲ್ಲಿ ಹರಿದರೆ ಜೀವಕ್ಕೇ ಅಪಾಯ.

ನಾನು ವೈರಿಂಗ್ ಕೆಲಸದವನು. ಮೊದಲು ಕಾರನ್ನು ಬೇರೆ ಕಡೆ ಚಾರ್ಜಿಗೆ ಹಾಕಿದೆ. ತೊಂದರೆ ಇರಲಿಲ್ಲ. ಆಮೇಲೆ ಲೀಕೇಜ್ ಕ್ಲಾಂಪ್ ಮೀಟರ್ ತೆಗೆದೆ. ಸಾಮಾನ್ಯ ಕ್ಲಾಂಪ್ ಮೀಟರ್ ಇದಕ್ಕೆ ಸಾಲದು, ಮಿಲಿಆಂಪಿಯರ್ ತೋರಿಸುವಂಥದ್ದೇ ಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಿಡಿಯಬೇಕು. ಹೋದಷ್ಟೇ ಕರೆಂಟ್ ವಾಪಸ್ ಬಂದರೆ ಮೀಟರ್ ಸೊನ್ನೆ ತೋರಿಸುತ್ತದೆ. ಏನು ತೋರಿಸಿತೋ ಅದು ಸೋರಿಕೆ.

ಚಾರ್ಜರ್‌ನ ಎಂಸಿಬಿ ಆಫ್ ಮಾಡಿದಾಗ ಇಡೀ ಮನೆಯದ್ದು 9 ಮಿಲಿಆಂಪಿಯರ್ ಇತ್ತು. ಫ್ರಿಜ್, ಕಂಪ್ಯೂಟರ್, ವಾಷಿಂಗ್ ಮಷೀನ್ ಎಲ್ಲ ಸೇರಿದರೆ ಅಷ್ಟು ಸಹಜ. ಆನ್ ಮಾಡಿ, ಗನ್ ಕಾರಿಗೆ ಸಿಕ್ಕಿಸದೆಯೇ ಚಾರ್ಜರ್ ಲೈನ್ ಹಿಡಿದು ನೋಡಿದೆ. ಅದೊಂದರಲ್ಲೇ 15! ಕಾರಿನ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಮನೆಯ 9 ಸೇರಿದರೆ ಸುಮಾರು 24. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಟ್ರಿಪ್ ಆಗಬಹುದು. ಚಾರ್ಜ್ ಶುರುವಾದಾಗ ಕಾರಿನ ಚಾರ್ಜಿಂಗ್ ಸರ್ಕ್ಯೂಟ್‌ನ ಫಿಲ್ಟರ್‌ನಿಂದ ಆಗುವ ಸೋರಿಕೆಯೂ ಸ್ವಲ್ಪ ಸೇರಿಕೊಂಡು ನಮ್ಮದು ಟ್ರಿಪ್ ಆಗುತ್ತಿತ್ತು.

ಉಳಿದದ್ದು ಎರಡೇ: ಚಾರ್ಜರ್ ಇಲ್ಲವೇ ಕೇಬಲ್. ಮೇನ್ ಆಫ್ ಮಾಡಿ, ಕೇಬಲ್‌ನ ಎರಡೂ ತುದಿ ಬಿಚ್ಚಿ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದೆ. ಚಾರ್ಜರ್ ಬಿಚ್ಚದೆ ಮೆಗ್ಗರ್ ಹಾಕಿದರೆ ಅದರ ಬೋರ್ಡ್ ಸುಟ್ಟೀತು, ಜೋಪಾನ. ಫೇಸ್‌ಗೂ ಅರ್ಥ್‌ಗೂ ನಡುವೆ ಕನಿಷ್ಠ 1 ಮೆಗಾ ಓಮ್ ಇರಬೇಕು. ಇದ್ದದ್ದು 15 ಕಿಲೋ ಓಮ್ ಆಸುಪಾಸು. 230 ವೋಲ್ಟನ್ನು ಅದರಿಂದ ಭಾಗಿಸಿ ನೋಡಿ, ಅದೇ 15 ಮಿಲಿಆಂಪಿಯರ್ ಬರುತ್ತದೆ ಅಲ್ವಾ?

ಪೋರ್ಟಿಕೊ ಗೋಡೆಯ ಜಂಕ್ಷನ್ ಬಾಕ್ಸ್ ತೆಗೆದರೆ ಒಳಗೆ ನೀರು. ಟೇಪ್ ಸುತ್ತಿದ ಜಾಯಿಂಟ್ ಹಸಿರುಗಟ್ಟಿತ್ತು. ಅಲ್ಲೇ ತೇಪೆ ಹಾಕಲು ಮನಸ್ಸಾಗಲಿಲ್ಲ. ಮೀಟರ್ ಬೋರ್ಡಿನಿಂದ ಚಾರ್ಜರ್‌ವರೆಗೆ ನಡುವೆ ಜಾಯಿಂಟ್ ಇಲ್ಲದ ಹೊಸ ಕೇಬಲ್ ಎಳೆದೆ. ಪೈಪ್ ಚಾರ್ಜರ್‌ಗೆ ಕೆಳಗಿನಿಂದ ಸೇರುವಂತೆ ಮಾಡಿ, ನೀರು ಒಳಹೋಗದಂತೆ ಬಿಗಿಹಿಡಿಯುವ ಗ್ಲ್ಯಾಂಡ್ ಹಾಕಿದೆ. ಮೆಗ್ಗರ್ ಈಗ 200 ಮೆಗಾ ಓಮ್‌ಗಿಂತ ಮೇಲೆ ತೋರಿಸುತ್ತದೆ.

ಚಾರ್ಜರ್‌ಗೆ ಕರೆಂಟ್ ಮನೆಯ ಆರ್‌ಸಿಸಿಬಿಗೆ ಹೋಗುವ ಮುಂಚೆಯೇ ಬೇರೆ ಲೈನ್ ಕೊಟ್ಟು, ಅದಕ್ಕೇ 30 ಮಿಲಿಆಂಪಿಯರ್‌ನ ಟೈಪ್ ಎ ಆರ್‌ಸಿಸಿಬಿ ಕೂರಿಸಿದ್ದೇನೆ. ನಮ್ಮ ಚಾರ್ಜರ್‌ನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇರುವುದರಿಂದ ಟೈಪ್ ಎ ಸಾಕು. ಅದಿಲ್ಲದ ಚಾರ್ಜರ್ ಆದರೆ ಡಿಸಿ ಸೋರಿಕೆಯನ್ನೂ ತಾನೇ ಹಿಡಿಯುವ ಟೈಪ್ ಬಿ ಹಾಕಿಸಿ.