ಐವತ್ತೆರಡರ ಕಳ್ಳನೂ ಬರಲಿರುವ ಬಿಸುವೂ

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆಯ ಚಾವಡಿಯಲ್ಲಿ ಭಾನುವಾರ ಊಟ ಮುಗಿಸಿ ಐದು ಜನ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬ ಕಥೆ ನಡೆಸುತ್ತಾ ಹೋಗುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಎಸೆದು ಅದರಲ್ಲಿ ಸಾಹಸ ಮಾಡುವ ಆಟ. ಕಥೆ ನಡೆಸುವವನು ನಾನು. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ. ನಮ್ಮಲ್ಲಿ ಮೊದಲ ದಿನವೇ ಯಕ್ಷಗಾನದ ಹಾಗೆ ‘ಭಾಗವತ’ ಎಂದಾಯಿತು. ಯಾರ ಪ್ರವೇಶ ಯಾವಾಗ, ಯುದ್ಧ ಎಲ್ಲಿಗೆ ನಿಲ್ಲಬೇಕು ಎಂದು ನೋಡಿಕೊಳ್ಳುವವನಿಗೆ ಕುಂಬಳೆ ಸೀಮೆಯಲ್ಲಿ ಇನ್ನೇನು ಹೆಸರಿಟ್ಟಾರು?

ಮೊದಲ ಕಥೆ ಹದಿನಾಲ್ಕು ತಿಂಗಳು ನಡೆಯಿತು. ಒಂದು ದಿನ ಭಾವ ತಮ್ಮ ಲೆಕ್ಕದ ಪುಸ್ತಕ ಮಡಚಿ, “ಭಾವಾ, ನಮ್ಮ ಪಾತ್ರಗಳು ಮನೆ ಬಿಟ್ಟು ಇವತ್ತಿಗೆ ನಲವತ್ತೊಂದು ದಿನ” ಎಂದರು. ಎಲ್ಲರೂ ಸುಮ್ಮನಾದೆವು. ಕತ್ತಿ ಹಿಡಿಯಲು ಬಾರದ ಹುಡುಗ ನಲವತ್ತೊಂದೇ ದಿನದಲ್ಲಿ ಏಳನೆಯ ಹಂತದ ಯೋಧನಾಗಿದ್ದ. ನೇಜಿ ನೆಟ್ಟು ಕಳೆ ಕೀಳುವಷ್ಟರಲ್ಲಿ ಮಾಂತ್ರಿಕ ಒಂದು ಜನ್ಮದ ವಿದ್ಯೆ ಮುಗಿಸಿದ್ದ. ಹೀಗಾಗುವುದು ಸಹಜವೇ. ನಾವು ಆಡುವುದು ಈ ಆಟದ ನಿಯಮಗಳ ಐದನೆಯ ಆವೃತ್ತಿ (2014); ಅದರಲ್ಲಿ ಕಾಳಗದ ಒಂದು ಸುತ್ತು ಎಂದರೆ 6 ಸೆಕೆಂಡು. ನಾವು ಒಂದೂವರೆ ತಾಸು ಕೂಗಾಡಿದ ಕಾಳಗ ಆ ಲೋಕದಲ್ಲಿ ಅರ್ಧ ನಿಮಿಷವೂ ಆಗಿರುವುದಿಲ್ಲ. ಎಂಟು ಗಂಟೆ ಮಲಗಿದರೆ ಗಾಯವೂ ಮಾಯ. ಕಾಲ ತಾನಾಗಿ ಓಡಲು ಅಲ್ಲಿ ಕಾರಣವೇ ಇಲ್ಲ.

ಈ ಆಟವನ್ನು 1974ರಲ್ಲಿ ಹೊರತಂದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರಾಗಿದ್ದರು. ಒಂದು ಸಾಹಸ ಮುಗಿದು ಇನ್ನೊಂದು ಶುರುವಾಗುವವರೆಗೆ ಇಲ್ಲಿ ಕಳೆದ ಪ್ರತಿ ದಿನಕ್ಕೆ ಅಲ್ಲೂ ಒಂದು ದಿನ ಎಂದು 1979ರಲ್ಲಿ ಬರೆದರು. ಅದನ್ನೂ ಮಾಡಿ ನೋಡಿದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಐದು ವಾರ ಆಟ ನಿಂತಿತು. ಅಷ್ಟರಲ್ಲಿ ಕಥೆಯೊಳಗೆ ಇವರು ತಡೆಯಬೇಕಾಗಿದ್ದ ಮದುವೆ ಮುಗಿದು ಹೆಣ್ಣು ಗಂಡನ ಮನೆ ಸೇರಿದ್ದಳು. ಆವತ್ತು ನನಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಆ ನಿಯಮ ಬಿಟ್ಟೆ.

ಸಣ್ಣ ಕಾಲಕ್ಕೆ ಮಾತ್ರ ಹಳೆಯ ಆವೃತ್ತಿಯ ನಿಯಮವೇ ಒಗ್ಗಿತು. ಗುಹೆಯೊಳಗೆ ಹತ್ತು ನಿಮಿಷಕ್ಕೆ ಒಂದು ಸರದಿ, ಒಂದು ಸೂಟೆ (ಪಂಜು) ಉರಿಯುವುದು ಆರು ಸರದಿ. ಹರಿವಾಣದಲ್ಲಿ ಆರು ಅಡಿಕೆ ಇಡುತ್ತೇನೆ. ಸರದಿಗೊಂದರಂತೆ ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತೇನೆ. ಆರನೆಯದು ಟಣ್ ಎಂದು ಅಂಚಿಗೆ ಬಡಿದರೆ ಕತ್ತಲು. ಹತ್ತು ನಿಮಿಷಕ್ಕೆ 120 ಅಡಿ ಮಾತ್ರ ಎಂದಾಗ ಅಳಿಯ, “ಇದೇನು ಮಾವ, ಬಸವನ ಹುಳವೇ?” ಎಂದು ನಕ್ಕ. ಮೇಣದಬತ್ತಿ ಕೊಟ್ಟು ಅವನನ್ನು ನಮ್ಮ ಗುಡ್ಡದ ಸುರಂಗಕ್ಕೆ ಇಳಿಸಿದೆ. ನೀರಿಗಾಗಿ ಅಜ್ಜನ ಕಾಲದಲ್ಲಿ ಮುರಕಲ್ಲು ಕೊರೆದ ಸುರಂಗ. ಸೊಂಟ ಬಗ್ಗಿಸಬೇಕು, ಕಾಲಡಿ ತಣ್ಣನೆಯ ನೀರು, ತಲೆಯ ಮೇಲೆ ಬಾವಲಿ. ತಿರುವಿನವರೆಗಿನ ನಲವತ್ತು ಅಡಿಗೆ ಅವನಿಗೆ ಮೂರೂವರೆ ನಿಮಿಷ ಹಿಡಿಯಿತು. ಮತ್ತೆ ಅವನು ಆ ನಿಯಮದ ಬಗ್ಗೆ ಬಾಯಿ ತೆರೆದಿಲ್ಲ.

ದೊಡ್ಡ ಕಾಲದ ಪರಿಹಾರ ನಮ್ಮ ಗೋಡೆಯಲ್ಲೇ ನೇತಾಡುತ್ತಿತ್ತು. ಕಾಸರಗೋಡಿನ ಕನ್ನಡಿಗರ ಮನೆಯಲ್ಲಿ ವರ್ಷ ಒಂದೇ ಸಲ ಶುರುವಾಗುವುದಿಲ್ಲ. ಯುಗಾದಿಯ ಪಂಚಾಂಗ ಒಂದು, ಸೌರ ಹೊಸವರ್ಷವಾದ ಬಿಸುವಿಗೆ ಶುರುವಾಗುವ ತುಳು ತಿಂಗಳುಗಳ ಲೆಕ್ಕ ಇನ್ನೊಂದು, ಸಿಂಹ ಮಾಸದಲ್ಲಿ ಶುರುವಾಗುವ ಕೇರಳದ ಕೊಲ್ಲ ವರ್ಷ ಮಗದೊಂದು. ಶಾಲೆಗೆ ಜೂನ್, ಬ್ಯಾಂಕಿಗೆ ಏಪ್ರಿಲ್. 2024ರ ಆಗಸ್ಟ್ ಕೊನೆಗೆ ಈ ಮನೆಯಲ್ಲಿ ಶಕ 1946, ಕ್ರೋಧಿ ಸಂವತ್ಸರ, ಕೊಲ್ಲ ವರ್ಷ 1200 ಒಟ್ಟಿಗೇ ನಡೆಯುತ್ತಿದ್ದವು. ನಮ್ಮ ಲೋಕದ ಜನಾಂಗಗಳಿಗೂ ಒಂದೊಂದು ವರ್ಷಾರಂಭ ಹಂಚಿದೆ. ಸಾಲದ ವಾಯಿದೆ ‘ವರ್ಷದ ಕೊನೆಗೆ’ ಎಂದರೆ ಯಾರ ವರ್ಷದ ಕೊನೆ ಎಂಬ ತಕರಾರೇ ಎರಡು ಭಾನುವಾರ ನುಂಗಿತು. ಆ ಎರಡು ದಿನ ಯಾರೂ ಕತ್ತಿ ಎತ್ತಲಿಲ್ಲ, ಯಾರಿಗೂ ಬೇಸರವೂ ಬರಲಿಲ್ಲ. ಭಾವನ ಪಾತ್ರವಾದ ಡ್ವಾರ್ಫ್ (ಕುಳ್ಳ ಜನಾಂಗದವನು) ಅಂತೂ, ಭೂಮಿತಾಯಿಯ ಹಬ್ಬವಾದ ಕೆಡ್ಡಸದ ಮೂರು ದಿನ ಭೂಮಿ ಅಗೆಯುವುದಿಲ್ಲ ಎಂದು ಹಟ ಹಿಡಿದು, ಶತ್ರು ಬಾಗಿಲಿಗೆ ಬಂದರೂ ಕಂದಕ ತೋಡಲಿಲ್ಲ.

ಹಾಗೆಯೇ ಸಾಹಸಕ್ಕೂ ಯಕ್ಷಗಾನ ಮೇಳದ ತಿರುಗಾಟದ ಕ್ರಮ ತಂದೆ. ದೀಪಾವಳಿಯ ನಂತರ ಹೊರಡುವುದು, ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು. ಪತ್ತನಾಜೆ ಎಂದರೆ ತುಳು ತಿಂಗಳು ಬೇಶದ ಹತ್ತನೆಯ ದಿನ; ಅದು ಕಳೆದ ಮೇಲೆ ಯಾರೂ ದಾರಿ ಹಿಡಿಯುವಂತಿಲ್ಲ: ಹೊಳೆ ತುಂಬಿರುತ್ತದೆ, ಸಂಕ ಕೊಚ್ಚಿಹೋಗಿರುತ್ತದೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ ತಿನ್ನಲು ಕೆಸುವಿನ ಸೊಪ್ಪು. ಆ ಇಡೀ ಮಳೆಗಾಲವನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸುತ್ತೇವೆ. ಏನು ಕಲಿತೆ, ಯಾರ ಮನೆಯಲ್ಲಿ ಉಂಡೆ, ಎಷ್ಟು ಖರ್ಚು ಎಂದು ಒಬ್ಬೊಬ್ಬರೂ ಹೇಳಬೇಕು. ಈ ಕ್ರಮದಲ್ಲಿ ಮೂರು ವರ್ಷ ಆಡಿದ್ದೇವೆ. ಅಲ್ಲಿ ಏಳು ವರ್ಷ ಕಳೆದಿದೆ.

ಆಯುಸ್ಸಿನ ಸಮಸ್ಯೆ ಬೇರೆಯದು. ನಿಯಮದಂತೆ ಎಲ್ಫ್ ಎಂಬ ಜನಾಂಗದವಳು 750 ವರ್ಷ ಬದುಕಬಹುದು; ತಾನು ದೊಡ್ಡವಳಾದೆ ಎಂದು ಹೇಳಿಕೊಳ್ಳುವುದು ಸುಮಾರು ನೂರಕ್ಕೆ. ಎಲ್ಫ್ ಪಾತ್ರ ಮಾಡುವ ಟೀಚರನ್ನು, “ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?” ಎಂದು ಕೇಳಿದೆ. ಉತ್ತರವಿರಲಿಲ್ಲ. ನೂರ ಹತ್ತು ವರ್ಷದವಳಿಗೂ ಇಪ್ಪತ್ತರ ಹುಡುಗನಿಗೂ ಒಂದೇ ವಿದ್ಯೆ ಇದ್ದರೆ ಆಕೆ ದಡ್ಡಿಯೇ ಇರಬೇಕು. ದಾರಿ ತೋರಿಸಿದ್ದು ಭಾವನ ಷಷ್ಟ್ಯಬ್ದಿ. ಅವರು ಹುಟ್ಟಿದ್ದು ಕ್ರೋಧಿಯಲ್ಲಿ. ಅರುವತ್ತು ಸಂವತ್ಸರ ಸುತ್ತಿ ಅದೇ ಕ್ರೋಧಿ ಬಂದಿತ್ತು. ಮನುಷ್ಯನಿಗೆ ಹುಟ್ಟಿದ ಸಂವತ್ಸರ ಮತ್ತೆ ಸಿಗುವುದು ಒಮ್ಮೆ. ಎಲ್ಫ್‌ಗೆ ಹನ್ನೆರಡು ಸಲ. ಹಾಗಾಗಿ ಅವರಲ್ಲಿ ಒಂದು ವಿದ್ಯೆಯನ್ನು ಅದರ ಸಂವತ್ಸರ ಬಂದಾಗ ಮಾತ್ರ ಕೈಗೆತ್ತಿಕೊಳ್ಳುತ್ತಾರೆ. ತಪ್ಪಿದರೆ ಅರುವತ್ತು ವರ್ಷ ಕಾಯುತ್ತಾರೆ, ಅವಸರವೇನೂ ಇಲ್ಲ. ಟೀಚರಿಗೆ ಇದು ಎಷ್ಟು ಹಿಡಿಸಿತೆಂದರೆ, ಒಮ್ಮೆ ಕಥೆಯಲ್ಲಿ ಯಾರದೋ ಅಡಿಕೆ ತೋಟ ನೋಡಿ, “ಬಸಳೆ ಚಪ್ಪರ ಚೆನ್ನಾಗಿದೆ, ಅದು ಒಣಗಿದ ಮೇಲೆ ಏನು ನೆಡುತ್ತೀರಿ?” ಎಂಬ ದನಿಯಲ್ಲಿ ವಿಚಾರಿಸಿದರು.

ಮುಪ್ಪು ನಿಜವಾಗಿ ಬಂದದ್ದು ಪ್ರೇತದಿಂದ. ಅದರ ಮುಖ ಕಂಡು ಬಹಳ ಬೆದರಿದವನಿಗೆ ನಾಲ್ಕು ಮುಖದ ದಾಳದಲ್ಲಿ ಬಿದ್ದಷ್ಟು ದಶಕ ವಯಸ್ಸಾಗುತ್ತದೆ. ಅಳಿಯನಿಗೆ ಮೂರು ಬಿತ್ತು. ಅವನ ಪಾತ್ರ, ಇಪ್ಪತ್ತೆರಡರ ಕಳ್ಳ, ಐವತ್ತೆರಡಾದ. 24 ಗಂಟೆಯೊಳಗೆ ಮಾಡಿದರೆ ಅದನ್ನು ತೊಳೆಯುವ ಮಂತ್ರವಿದೆ. ಆದರೆ ಬಲ್ಲವರಿದ್ದ ಗುಡಿ 40 ಮೈಲಿ ಆಚೆ, ನಡಿಗೆ ದಿನಕ್ಕೆ 24 ಮೈಲಿ. ಕ್ಯಾಲೆಂಡರಿನಲ್ಲಿ ದಿನ ದಾಟಿದ್ದನ್ನು ಅವನೇ ಕಣ್ಣಾರೆ ನೋಡಿದ.

ಐದನೆಯ ಆವೃತ್ತಿಯಲ್ಲಿ ಮುಪ್ಪಿಗೆ ಬೇರೆ ದಂಡವಿಲ್ಲ. ನಾನು ಮೂರನೆಯದರ ಪಟ್ಟಿ ತಂದೆ: ಮನುಷ್ಯನಿಗೆ 35 ದಾಟಿದರೆ ಬಲ, ಚುರುಕು, ತಾಳಿಕೆ ಒಂದೊಂದು ಕಡಿಮೆ, ಬುದ್ಧಿ ವಿವೇಕಗಳು ಒಂದೊಂದು ಹೆಚ್ಚು, 53ಕ್ಕೆ ಮೈಯ ಗುಣಗಳಿಂದ ಮತ್ತೆ ಎರಡೆರಡು ಕಡಿಮೆ. ಭಾವ ಒಪ್ಪಲಿಲ್ಲ. “ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವವನಿಗೆ ಐವತ್ತೈದು. ಇಳಿಯದೆ ಮರದಿಂದ ಮರಕ್ಕೆ ಹಾರುತ್ತಾನೆ. ನಿನ್ನ ಪಟ್ಟಿಯನ್ನು ಅವನಿಗೆ ತೋರಿಸು” ಎಂದರು. ಸರಿಯೇ. ಪಟ್ಟಿ ತಿದ್ದಿದೆ: ದಿನಾ ಮಾಡುವ ಕೆಲಸಕ್ಕೆ ಬೇಕಾದ ಒಂದು ಗುಣ ಕುಗ್ಗುವುದಿಲ್ಲ, ಒಂದು ಮಳೆಗಾಲ ಅದನ್ನು ಬಿಟ್ಟು ಕೂತರೆ ಕುಗ್ಗುತ್ತದೆ. ಕಳ್ಳ ಈಗ ಆಟಿಯಲ್ಲೂ ಗೋಡೆ ಹತ್ತಿ ಇಳಿಯುತ್ತಾನೆ. ಆದರೂ ಚುರುಕು ಉಳಿದೀತು, ಬಲವೂ ತಾಳಿಕೆಯೂ ಉಳಿಯವು. ಏಳರಿಂದ ಹನ್ನೆರಡು ವರ್ಷ ಕಳೆಯುವ ರಸವೊಂದಿದೆ. ಅದನ್ನು ತರುವ ವ್ಯಾಪಾರಿ ಬರುವುದು ದೀಪಾವಳಿಗೆ. ಕಳ್ಳನಿಗೆ 53 ತುಂಬುವುದು ಅದಕ್ಕೂ ಮೊದಲು: ಅವನ ಹುಟ್ಟುಹಬ್ಬ ಬಿಸುವಿನ ಮರುದಿನ ಎಂದು ಅಳಿಯನೇ ಮೊದಲ ವಾರ ಏನೋ ಲಹರಿಯಲ್ಲಿ ಬರೆದಿದ್ದ.

ಕಳೆದ ಭಾನುವಾರ ಅಲ್ಲಿ ಬಿಸುವಿನ ಹಿಂದಿನ ತಿಂಗಳಾದ ಸುಗ್ಗಿಯ 19 ದಾಟಿತು. ಅಳಿಯ ಮೆಲ್ಲನೆ, “ಮಾವ, ನನ್ನ ಕಳ್ಳ ಅಧಿಕ ಮಾಸದಲ್ಲಿ ಹುಟ್ಟಿದ್ದು ಎಂದು ತಿದ್ದಬಹುದೇ? ಆಗ ಹುಟ್ಟುಹಬ್ಬ ವರ್ಷ ವರ್ಷ ಬರುವುದಿಲ್ಲವಲ್ಲ” ಎಂದ.

ಭಾವ ಎಲೆಗೆ ಸುಣ್ಣ ಹಚ್ಚುತ್ತಾ ತಲೆ ಎತ್ತದೆ ಹೇಳಿದರು: “ಬಿಸು ಎಂದು ಬರೆದ ಮೇಲೆ ಸೌರಮಾನ ಮಾರಾಯ. ಅದರಲ್ಲಿ ಅಧಿಕ ಮಾಸ ಎಲ್ಲಿಂದ ತರುತ್ತೀ?”