ಪರದೆಯ ಮುಖದಿಂದ ಮನೆಯ ಮುಖಕ್ಕೆ: ಭಾವನೆ ಗುರುತಿಸುವ ಪಾಠದಲ್ಲಿ ನನ್ನ ಅನುಭವ

ಟ್ಯಾಬ್‌ನಲ್ಲಿ ಕಲಿತದ್ದು ಟ್ಯಾಬ್‌ನಲ್ಲೇ ಉಳಿಯುತ್ತದೆ, ಆಟಿಸಂ ಇರುವ ಮಕ್ಕಳು ಅದನ್ನು ಎದುರಿಗಿರುವವರ ಮುಖಕ್ಕೆ ಹೊಂದಿಸಿಕೊಳ್ಳಲಾರರು ಎಂದು ಸಹೋದ್ಯೋಗಿಗಳು ಬಹುಕಾಲ ವಾದಿಸಿದರು. ಈಗ ನನ್ನಲ್ಲಿ ಕಲಿಯುತ್ತಿರುವ ಮಕ್ಕಳಲ್ಲಿ ಹೆಚ್ಚಿನವರು ಎಂದೂ ನೋಡಿರದ ಮುಖಗಳಲ್ಲಿಯೂ ಸಂತೋಷ, ದುಃಖ, ಕೋಪಗಳನ್ನು ಹತ್ತಕ್ಕೆ ಏಳೆಂಟು ಸಲ ಸರಿಯಾಗಿ ಗುರುತಿಸುತ್ತಿದ್ದಾರೆ.

ಮೊದಲು ಹಣ ಹೋದದ್ದು ಸಿದ್ಧ ತಂತ್ರಾಂಶಗಳಿಗೆ. ಸುಮಾರು ಎರಡು ವರ್ಷ ಕಟ್ಟಿದ ಚಂದಾ ಒಳ್ಳೆಯ ಟ್ಯಾಬ್ ಒಂದರ ಬೆಲೆಯನ್ನು ಮೀರಿತ್ತು. ಅವುಗಳ ಅಂಕಪಟ್ಟಿ ನೂರಕ್ಕೆ ತೊಂಬತ್ತು ತೋರಿಸುತ್ತಿದ್ದರೂ ಪಕ್ಕದಲ್ಲಿ ಕುಳಿತ ಮಗು ಅಳುತ್ತಿರುವುದು ಅದೇ ವಿದ್ಯಾರ್ಥಿಗೆ ತಿಳಿಯುತ್ತಿರಲಿಲ್ಲ. ಹತ್ತಿರ ಕುಳಿತು ಗಮನಿಸಿದಾಗ ಒಬ್ಬ ಹುಡುಗ ಹಳದಿ ಅಂಗಿ ಕಂಡೊಡನೆ ‘ಸಂತೋಷ’ವನ್ನು ಒತ್ತುತ್ತಿದ್ದ, ಇನ್ನೊಬ್ಬ ತಪ್ಪು ಉತ್ತರಕ್ಕೆ ಬರುವ ಸದ್ದು ಕೇಳಲೆಂದೇ ತಪ್ಪು ಗುಂಡಿ ಒತ್ತುತ್ತಿದ್ದ.

ದಾರಿ ತೋರಿದ್ದು ಆಟಿಸಂ ಇರುವ ಮಕ್ಕಳಿಗೆಂದೇ ತಯಾರಿಸಿದ ‘ದಿ ಟ್ರಾನ್ಸ್‌ಪೋರ್ಟರ್ಸ್’ ಎಂಬ ಅನಿಮೇಷನ್ ಸರಣಿ. ಅದರಲ್ಲಿ ನಿಗದಿತ ಹಾದಿಯಲ್ಲೇ ಚಲಿಸುವ ವಾಹನಗಳಿಗೆ ನಿಜವಾದ ಮನುಷ್ಯರ ಮುಖಗಳನ್ನು ಜೋಡಿಸಿ 15 ಭಾವನೆಗಳನ್ನು ಕಲಿಸುತ್ತಾರೆ. ಮಗುವಿಗೆ ಪ್ರಿಯವಾದ ವಸ್ತುವಿನ ಜೊತೆಗೆ ಮುಖ ಬರಬೇಕು ಎಂಬುದನ್ನು ಅಲ್ಲಿಂದ ತೆಗೆದುಕೊಂಡೆ. ಫ್ಯಾನ್ ಎಂದರೆ ಪ್ರಾಣವಾಗಿದ್ದ ಹುಡುಗನಿಗೆ, ತಿರುಗುತ್ತಿದ್ದ ಫ್ಯಾನ್ ನಿಲ್ಲುವುದು, ಅವನ ಅಕ್ಕನ ಮುಖ ಬಾಡುವುದು ಇವೆರಡೂ ಒಂದೇ ವಿಡಿಯೊದಲ್ಲಿ ಕಾಣುವಂತೆ ಫೋನಿನಲ್ಲಿ ಚಿತ್ರಿಸಿ ಪವರ್‌ಪಾಯಿಂಟ್‌ಗೆ ಹಾಕಿದೆ. ಸರಿಯಾದ ಉತ್ತರ ಕೊಟ್ಟರೆ ಫ್ಯಾನ್ ಮತ್ತೆ ತಿರುಗುತ್ತದೆ. ತಪ್ಪಾದರೆ ಯಾವ ಸದ್ದೂ ಇಲ್ಲ. ಬೇರೆ ಬಹುಮಾನದ ಅಗತ್ಯ ಬೀಳಲಿಲ್ಲ.

ಪ್ರತಿ ಭಾವನೆಗೆ ಎಂಟು ಹತ್ತು ಮುಖಗಳು, ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ, ಹಿಂದೆ ಖಾಲಿ ಗೋಡೆ, ಪ್ರತಿ ಸಲ ಜಾಗ ಬದಲಿಸುವ ಗುಂಡಿಗಳು. ವಿಡಿಯೊವನ್ನು ಮೊದಲ ವಾರಗಳಲ್ಲಿ ಅರ್ಧ ವೇಗದಲ್ಲಿ ತೋರಿಸಿ, ನಿಧಾನವಾಗಿ ಸಹಜ ವೇಗಕ್ಕೆ ತಂದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಲಿಲ್ಲ. ಅದೇ ದಿನ ಅದೇ ಭಾವನೆ ಮನೆಯವರ ಮುಖದಲ್ಲಿ ನಿಜವಾಗಿ ಕಾಣಬೇಕೆಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮನೆಯವರಿಂದ ನಟನೆಯಲ್ಲದ ಕೋಪವನ್ನು ಹೇಗೆ ಚಿತ್ರಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಶ್ರಮವಾಗಿದೆ.

ಬಾಯಿಯನ್ನು ಮರೆಮಾಡಿ ಕಣ್ಣುಗಳನ್ನಷ್ಟೇ ತೋರಿಸುವ ಪ್ರಯೋಗವನ್ನು ಬೇಗನೆ ಕೈಬಿಟ್ಟೆ, ಏಕೆಂದರೆ ಕಣ್ಣನ್ನೇ ನೋಡಬೇಕಾದಾಗ ಮಕ್ಕಳು ಚಡಪಡಿಸುತ್ತಿದ್ದರು. ಪರದೆ ಮುಚ್ಚಿ ದನಿಯನ್ನಷ್ಟೇ ಕೇಳಿಸಿದಾಗ ಒಬ್ಬ ಹುಡುಗಿ ಮುಖಕ್ಕಿಂತ ಚೆನ್ನಾಗಿ ಕೋಪವನ್ನು ಗುರುತಿಸಿದಳು. ಅವಳ ಪಾಠ ಈಗ ದನಿಯಿಂದಲೇ ಆರಂಭವಾಗುತ್ತದೆ. ಕ್ಯಾಮೆರಾದಿಂದ ಭಾವನೆ ಅಳೆಯುತ್ತದೆಂದು ಹೇಳಿಕೊಳ್ಳುವ ತಂತ್ರಾಂಶವೊಂದಕ್ಕೂ ಒಂದು ತಿಂಗಳ ಹಣ ಕೊಟ್ಟು ನೋಡಿದೆ. ಮನಸ್ಸಿಟ್ಟು ಆಡುತ್ತಿದ್ದ ಮಗುವಿನ ಮುಖಕ್ಕೆ ಅದು ‘ಕೋಪ’ ಎಂದು ಹೆಸರಿಟ್ಟಿತು. ಆಗ ಕುತೂಹಲದಿಂದ ಮಕ್ಕಳ ವಿಡಿಯೊಗಳನ್ನೇ ಹೆತ್ತವರಿಗೆ ಪರೀಕ್ಷೆಯಾಗಿ ಕೊಟ್ಟೆ. ತಮ್ಮ ಮಗುವಿನ ಮುಖವನ್ನು ಅವರು ಸಾಕಷ್ಟು ಸರಿಯಾಗಿ ಓದಿದರು, ಬೇರೆಯವರ ಮಗುವಿನ ಮುಖದಲ್ಲಿ ಅರ್ಧದಷ್ಟೂ ಸರಿಹೋಗಲಿಲ್ಲ. ಅಂದಿನಿಂದ ದೊಡ್ಡವರಿಗೂ ವಾರಕ್ಕೊಂದು ಪಾಠ ಇಟ್ಟಿದ್ದೇನೆ.

ಭಯ ಮತ್ತು ಆಶ್ಚರ್ಯ ಇನ್ನೂ ಬೆರೆಯುತ್ತವೆ. ಎರಡರಲ್ಲೂ ಕಣ್ಣು ಅಗಲವಾಗುತ್ತದೆ. ಸದ್ಯ ಅವೆರಡನ್ನೂ ಒಂದೇ ವಾರದಲ್ಲಿ ಕಲಿಸದೆ, ಭಯಕ್ಕೆ ಕಾರಣವಾದ ಘಟನೆಯನ್ನು ಮುಖಕ್ಕಿಂತ ಮೊದಲು ತೋರಿಸುತ್ತಿದ್ದೇನೆ.