ಬಾಲನ್ಯಾಯ ಮಂಡಳಿಯ ದಾಖಲೆ: ಗೋಪ್ಯವಾಗಿಡುವುದು, ನಾಶ ಮಾಡಿಸುವುದು ಹೇಗೆ?

ಹದಿನೆಂಟು ತುಂಬುವ ಮೊದಲು ಹೊಡೆದಾಟವೋ ಬೈಕ್ ಕಳವೋ ಎಂಬಂಥ ಪ್ರಕರಣದಲ್ಲಿ ಬಾಲನ್ಯಾಯ ಮಂಡಳಿಯ ಮುಂದೆ ನಿಂತವರಿಗೆ ಅದು ಮತ್ತೆ ಎದುರಾಗುವುದು ಬಹುಮಟ್ಟಿಗೆ ನೌಕರಿಯ ಪೊಲೀಸ್ ಪರಿಶೀಲನೆಯ ಹೊತ್ತಿಗೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ಇತ್ಯರ್ಥವಾದ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳಬಾರದು; ಸಂಬಂಧಪಟ್ಟ ದಾಖಲೆಗಳನ್ನು ನಾಶಪಡಿಸುವಂತೆ ಮಂಡಳಿಯೇ ಪೊಲೀಸರಿಗೆ ಆದೇಶಿಸಬೇಕು. ಆದರೆ ಕಾನೂನಿನಲ್ಲಿ ಹೀಗಿದೆ ಎಂದ ಮಾತ್ರಕ್ಕೆ ಠಾಣೆಯ ಕಪಾಟಿನಲ್ಲಿರುವ ಕಡತ ತಾನಾಗಿಯೇ ಇಲ್ಲವಾಗುತ್ತದೆಂದು ನಂಬಿ ಕೂರುವುದು ಸರಿಯಲ್ಲ.

ಮೊದಲು, ಈ ರಕ್ಷಣೆ ನಿಮಗೆ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳಿ. ಹದಿನಾರು ತುಂಬಿದ ಮಗು ಘೋರ ಅಪರಾಧದ ಆರೋಪ ಎದುರಿಸಿ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನೆಂದು ತೀರ್ಮಾನವಾಗಿದ್ದರೆ ಅನರ್ಹತೆಯಿಂದ ವಿನಾಯಿತಿ ಸಿಗುವುದಿಲ್ಲ, ದಾಖಲೆಯೂ ಆ ನ್ಯಾಯಾಲಯದಲ್ಲೇ ಉಳಿಯುತ್ತದೆ. ಕನಿಷ್ಠ ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳು ಈ ವರ್ಗಕ್ಕೆ ಸೇರುತ್ತವೆ. ಉಳಿದವರೆಲ್ಲ ಮುಂದೆ ಓದಬಹುದು.

ಎರಡನೆಯದಾಗಿ, ದಾಖಲೆ ಎಲ್ಲೆಲ್ಲಿದೆ ಎಂದು ಪತ್ತೆ ಮಾಡಬೇಕು. ಈ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧಗಳಲ್ಲಿ ಅಥವಾ ವಯಸ್ಕರ ಜತೆ ಸೇರಿ ನಡೆಸಿದ ಕೃತ್ಯಗಳಲ್ಲಿ ಮಾತ್ರ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸಬಹುದು. ಮಿಕ್ಕವುಗಳಲ್ಲಿ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳುಹಿಸಬೇಕು. ಹೀಗಾಗಿ ಎಷ್ಟೋ ಮಂದಿಗೆ ಹುಡುಕಲು ಅಪರಾಧ ಸಂಖ್ಯೆಯೇ ಇರುವುದಿಲ್ಲ, ದಿನಚರಿಯ ದಿನಾಂಕವೇ ಆಧಾರ. ಠಾಣೆಯಲ್ಲದೆ ಮಂಡಳಿಯ ಕಚೇರಿಯಲ್ಲೂ, ಮಗು ಕೆಲ ದಿನ ಇದ್ದಿದ್ದರೆ ವೀಕ್ಷಣಾಲಯದಲ್ಲೂ (ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ಗೃಹ) ಕಾಗದಗಳಿರುತ್ತವೆ.

ಮೂರನೆಯದಾಗಿ, ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಪಡೆದು ಮನೆಯಲ್ಲಿಡಿ. ಅಳಿಸಿಹಾಕಬೇಕೆಂದವರಿಗೆ ಪ್ರತಿ ತೆಗೆದಿಡಿ ಎನ್ನುವುದು ವಿಚಿತ್ರವೆನಿಸಬಹುದು. ಆದರೆ ಮಂಡಳಿಯ ಕಡತ ಹೋದ ಮೇಲೆ ಠಾಣೆಯ ಯಾವುದೋ ಹಳೆಯ ನಮೂದು ತಲೆ ಎತ್ತಿದರೆ, ಪ್ರಕರಣ ಬಾಲನ್ಯಾಯ ಕಾಯ್ದೆಯಡಿ ಮುಗಿದಿತ್ತೆಂದು ತೋರಿಸಲು ನಿಮ್ಮ ಬಳಿ ಇರುವುದು ಆ ಒಂದು ಹಾಳೆ ಮಾತ್ರ.

ದಾಖಲೆಯನ್ನು ಯಾವಾಗ ನಾಶಪಡಿಸಬೇಕೆಂಬ ಅವಧಿಯ ವಿಷಯದಲ್ಲಿ ತುಸು ಗೊಂದಲವಿದೆ. ಕಾಯ್ದೆಯು ಮೇಲ್ಮನವಿಯ ಅವಧಿ ಅಥವಾ ನಿಗದಿತ ಸಮಂಜಸ ಅವಧಿ ಮುಗಿದ ಮೇಲೆ ಎನ್ನುತ್ತದೆ. ಮಂಡಳಿಯ ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನಗಳ ಕಾಲಾವಕಾಶವಿದೆ. ಮಾದರಿ ನಿಯಮಗಳ 14ನೇ ನಿಯಮವು ಮೇಲ್ಮನವಿಯ ಅವಧಿಯವರೆಗೆ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚಿಲ್ಲ ಎನ್ನುತ್ತದೆ. ಏಳು ವರ್ಷವೆಂಬುದು ಗರಿಷ್ಠ ಮಿತಿಯೇ ಹೊರತು ಅಲ್ಲಿಯವರೆಗೆ ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯಲ್ಲ ಎಂದು ಓದುವುದೇ ಕಾಯ್ದೆಯ ಆಶಯಕ್ಕೆ ಹತ್ತಿರ. ಕಚೇರಿಗಳು ಹಾಗೆ ಓದುತ್ತವೆಯೆಂಬ ಭರವಸೆ ಇಲ್ಲದ ಕಾರಣ, ದಿನಾಂಕ ಸಹಿತವಾದ ಸ್ಪಷ್ಟ ಆದೇಶವನ್ನೇ ಕೇಳಬೇಕು.

ಇದಕ್ಕಾಗಿ ಮಂಡಳಿಗೆ ಸಲ್ಲಿಸುವ ಅರ್ಜಿ ಒಂದು ಪುಟ ಮೀರಬೇಕಿಲ್ಲ. “ಸದರಿ ಪ್ರಕರಣವು ಇಂಥ ದಿನಾಂಕದಂದು ಇತ್ಯರ್ಥವಾಗಿದ್ದು, ಮೇಲ್ಮನವಿ ಬಾಕಿ ಇರುವುದಿಲ್ಲ. ಆದ್ದರಿಂದ 24(2)ನೇ ಸೆಕ್ಷನ್ ಮತ್ತು 14ನೇ ನಿಯಮದಂತೆ ಠಾಣೆ, ವೀಕ್ಷಣಾಲಯ ಹಾಗೂ ಮಂಡಳಿಯಲ್ಲಿರುವ ದಾಖಲೆಗಳನ್ನು ನಾಶಪಡಿಸಲು ಆದೇಶಿಸಿ, ಪಾಲನಾ ವರದಿ ತರಿಸಿಕೊಳ್ಳಬೇಕಾಗಿ ಕೋರಿಕೆ” ಎಂದು ಬರೆದರೆ ಸಾಕು. ಪಾಲನಾ ವರದಿಯ ಮಾತನ್ನು ಮಾತ್ರ ಬಿಡಬೇಡಿ, ಆದೇಶ ಜಾರಿಯಾಯಿತೇ ಎಂದು ತಿಳಿಯುವುದು ಅದರಿಂದಲೇ. ಆದೇಶ ಕೈಸೇರಿದ ಮೇಲೆ ಅದರ ಪ್ರತಿಯನ್ನು ಠಾಣೆಗೂ ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ.

ನಾಶವಾಗುವವರೆಗೂ ಗೋಪ್ಯತೆಯ ರಕ್ಷಣೆ ಇದ್ದೇ ಇದೆ. 74ನೇ ಸೆಕ್ಷನ್ ಪ್ರಕಾರ ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಉದ್ದೇಶಕ್ಕಾಗಲಿ ಮುಗಿದ ಪ್ರಕರಣದ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. ಪತ್ರಿಕೆ, ವಾಹಿನಿಗಳು ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಅಂತರ್ಜಾಲದಲ್ಲಿ ಹಳೆಯ ಸುದ್ದಿ ಉಳಿದಿದ್ದರೆ ಈ ಸೆಕ್ಷನ್ ಉಲ್ಲೇಖಿಸಿ ಸಂಪಾದಕರಿಗೆ ಬರೆಯಿರಿ. ಊರಿನ ಹೆಸರು ಹಾಕಿ “ಇಂಥ ಹೋಟೆಲ್ ಮಾಲೀಕರ ಮಗ” ಎಂದು ಬರೆಯುವುದೂ ಗುರುತು ಹೇಳಿದಂತೆಯೇ.

ನೌಕರಿಯ ದೃಢೀಕರಣ ನಮೂನೆಯಲ್ಲಿ “ಎಂದಾದರೂ ಬಂಧನವಾಗಿದೆಯೇ, ಶಿಕ್ಷೆಯಾಗಿದೆಯೇ” ಎಂಬ ಪ್ರಶ್ನೆ ಬಂದಾಗ ಅವಸರದಲ್ಲಿ ಉತ್ತರಿಸಬೇಡಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಯ ನೇಮಕಾತಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಬಾಲಾಪರಾಧದ ಶಿಕ್ಷೆಯಾಗಿದ್ದರೂ ಅದರ ಕಳಂಕ ಉಳಿಯದಂತೆ ದಾಖಲೆ ಅಳಿಸಿಹೋಗಬೇಕೆಂಬುದೇ ಕಾನೂನಿನ ಒತ್ತು ಎಂದು ಹೇಳಿತು. ಹಾಗಿದ್ದರೂ ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೇ ನೇಮಕಾತಿ ರದ್ದಾಗುವ ಅಪಾಯವಿರುವುದರಿಂದ, ನಮೂನೆ ಮತ್ತು ಆದೇಶದ ಪ್ರತಿ ಎರಡನ್ನೂ ವಕೀಲರಿಗೆ ತೋರಿಸಿಯೇ ಬರೆಯುವುದು ಕ್ಷೇಮ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು, ಸಹಾಯವಾಣಿ 15100. ಮಕ್ಕಳಿಗೆ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಉಳಿದ ವಯಸ್ಕರು ಸಾಮಾನ್ಯವಾಗಿ ಆದಾಯದ ಪುರಾವೆ ಜತೆಗಿಟ್ಟುಕೊಂಡು ಹೋಗಬೇಕು.